ನೀಲವ್ವ ಚಿಗವ್ವನ ಮೂರನೆಯ ಆರು

ನೀಲವ್ವ ಚಿಗವ್ವ ಯಾವ ಸಂಖ್ಯೆಯನ್ನೂ ಒಂದೇ ಕಡೆಯಿಂದ ಓದಿ ಬಿಟ್ಟವಳಲ್ಲ. ಬಸ್ಸಿನ ನಂಬರಿರಲಿ, ಗ್ಯಾಸ್ ಸಿಲಿಂಡರಿನ ಮೇಲಿನ ನಂಬರಿರಲಿ, ಮೊದಲು ಎಡದಿಂದ ಬಲಕ್ಕೆ, ಆಮೇಲೆ ಬಲದಿಂದ ಎಡಕ್ಕೆ, ತೋರುಬೆರಳನ್ನು ಗಾಳಿಯಲ್ಲಿ ಓಡಿಸಿಕೊಂಡು ಓದುತ್ತಿದ್ದಳು. ಎರಡೂ ಕಡೆಯಿಂದ ಒಂದೇ ಬಂದರೆ ಮುಖ ಅರಳುತ್ತಿತ್ತು: "ಇದು ಸರ." ಬಾರದಿದ್ದರೆ ಮೂಗು ಮುರಿಯುತ್ತಿದ್ದಳು: "ಇದು ಬರೇ ನಂಬರ." ಒಮ್ಮೆ ಧಾರಾವಿ ಡಿಪೋ ಎದುರು ಬಸ್ಸಿಗೆ ಕಾದು ಕಾದು ಸಾಕಾಗಿತ್ತು. ಕೊನೆಗೂ ಬಂದ ಬಸ್ಸಿನ ಹಿಂದೆ 7227 ಎಂದಿತ್ತು. ಚಿಗವ್ವ ಅದನ್ನು ಎರಡು ಕಡೆಯಿಂದ ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟೇ ಹೋಯಿತು. ನಾನು ಕೂಗಾಡಿದೆ. ಅವಳು ತಣ್ಣಗೆ, "ಹೋಗ್ಲಿ ಬಿಡವ್ವ. ಹನ್ನೊಂದರಲೆ ಭಾಗ ಹೋಗೂ ಬಸ್ ಅದು. ಅಂಥಾದ್ದು ದಿನಾ ಸಿಗತದೇನು?" ಎಂದಳು.

ಅವಳು ನನ್ನ ಸ್ವಂತ ಚಿಗವ್ವ ಅಲ್ಲ. ಸಿಂದಗಿ ಕಡೆಯಿಂದ ಬಂದವಳು, ನಮ್ಮವ್ವನ ಊರಿನವಳು, ಅಷ್ಟಕ್ಕೇ ನನಗೆ ಚಿಗವ್ವ. ಗಂಡ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಧಾರಾವಿಯ ನಮ್ಮ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿ ಅವಳದು. ಗೋಡೆ ಎಷ್ಟು ತೆಳ್ಳಗೆಂದರೆ ನಾನು ಈ ಕಡೆ ತಪ್ಪು ಮಗ್ಗಿ ಹೇಳಿದರೆ ಆ ಕಡೆಯಿಂದ ಗೋಡೆ ಬಡಿಯುತ್ತಿದ್ದಳು.

ಚಾಳಿನ ಹೆಂಗಸರಿಗೆಲ್ಲ ಇದ್ದದ್ದು ಮಣಿಸರದ ಕೆಲಸ. ಕಾರ್ಖಾನೆಯಿಂದ ಮಣಿ, ನೈಲಾನ್ ದಾರ, ಜೊತೆಗೊಂದು ಚೀಟಿ ಬರುತ್ತಿತ್ತು. ಮಣಿಗಳ ಡಬ್ಬಿಗಳಿಗೆ ಒಂದರಿಂದ ಒಂಬತ್ತರವರೆಗೆ ನಂಬರು. ಒಂದು ಅಂದರೆ ಕೆಂಪು, ಆರು ಅಂದರೆ ದೊಡ್ಡ ಹಸಿರು, ಹೀಗೆ. ಸೊನ್ನೆ ಅಂದರೆ ನಡುನಡುವೆ ತುಂಬುವ ಸಣ್ಣ ಬಿಳಿ ಮಣಿ. ಚೀಟಿಯಲ್ಲಿ ಇಡೀ ಸರವನ್ನು ಅಂಕಿಗಳಲ್ಲೇ ಬರೆದಿರುತ್ತಿದ್ದರು. 1002005002001 ಎಂದಿದ್ದರೆ ಆ ಕ್ರಮದಲ್ಲೇ ಪೋಣಿಸಬೇಕು. ಕೊರಳಿಗೆ ಹಾಕುವ ಸರ ಎಡಕ್ಕೂ ಬಲಕ್ಕೂ ಒಂದೇ ಕಾಣಬೇಕಲ್ಲ, ಹಾಗಾಗಿ ಸಂಖ್ಯೆಯೂ ಎರಡು ಕಡೆಯಿಂದ ಒಂದೇ ಆಗಿರಬೇಕು. ನಮ್ಮ ಚಾಳಿನಲ್ಲಿ ಮೂವತ್ತು ನಲವತ್ತು ಅಂಕಿಗಳ ಸಂಖ್ಯೆ ಅಂದರೆ ಯಾರೂ ಬೆಚ್ಚುತ್ತಿರಲಿಲ್ಲ. ಬೆಳಗಿನ ಚಹಾ ಮುಗಿಯುವ ಮುಂಚೆ ಅಂಥ ಎರಡನ್ನು ಓದಿಯಾಗಿರುತ್ತಿತ್ತು.

ಚೀಟಿ ಬರೆಯುವವನು ಅವಸರದ ಮನುಷ್ಯ. ಅಂಕಿ ತಪ್ಪಿದರೆ ಇಡೀ ಡಜನ್ ಸರ ವಾಪಸು ಬಂದು, ಬಿಚ್ಚಿ ಮತ್ತೆ ಪೋಣಿಸಬೇಕಾಗುತ್ತಿತ್ತು. ಅದಕ್ಕೆ ಚಿಗವ್ವ ಮೊದಲೇ ಪರೀಕ್ಷೆ ಮಾಡುತ್ತಿದ್ದಳು. ನಡುಮಣಿ ಇಲ್ಲದ ಸರವಾದರೆ, ಅಂದರೆ ಅಂಕಿಗಳು ಸಮಸಂಖ್ಯೆಯಲ್ಲಿದ್ದರೆ, ಎರಡು ಡಬ್ಬಿ ಮುಚ್ಚಳ ಮುಂದಿಟ್ಟುಕೊಂಡು ಅಂಕಿಗಳನ್ನು ಒಂದು ಈ ಕಡೆಗೆ, ಒಂದು ಆ ಕಡೆಗೆ ಹಂಚುತ್ತ ಹೋಗುತ್ತಿದ್ದಳು. ಎರಡು ಎಂದಿದ್ದರೆ ಎರಡು ಮಣಿ, ಐದಕ್ಕೆ ಐದು, ಸೊನ್ನೆಗೆ ಏನೂ ಇಲ್ಲ. ಕೊನೆಗೆ ಎರಡು ಮುಚ್ಚಳಗಳಲ್ಲೂ ಸಮ ಇರಬೇಕು. ಇಲ್ಲದಿದ್ದರೆ ಚೀಟಿ ತಪ್ಪು. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಓದಿದ್ದು ಐದನೇತ್ತ, ಅಂದರೆ ಐದನೇ ತರಗತಿ.

ನಾನು ಆರನೇತ್ತದಲ್ಲಿದ್ದಾಗ ಒಂದು ದಿನ ಅವಳ ಹೊಸ್ತಿಲ ಮೇಲೆ ಕೂತು ಗಟ್ಟಿಯಾಗಿ ಗಣಿತದ ಪುಸ್ತಕ ಓದುತ್ತಿದ್ದೆ. ಒಂದು ಬಿಟ್ಟು ಒಂದು ಅಂಕಿಗಳನ್ನು ಕೂಡಿದಾಗ ಬರುವ ಎರಡು ಮೊತ್ತಗಳು ಸಮವಾಗಿದ್ದರೆ ಆ ಸಂಖ್ಯೆ ಹನ್ನೊಂದರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಎಂದು ಬಾಯಿಪಾಠ ಮಾಡುತ್ತಿದ್ದೆ. ಚಿಗವ್ವನ ಸೂಜಿ ನಿಂತಿತು.

"ಮತ್ತ ಓದು."

ಓದಿದೆ.

"ಅರೇ! ಅಂದ್ರ ನನ್ನ ನಡುಮಣಿ ಇಲ್ಲದ ಸರ ಎಲ್ಲಾ ಹನ್ನೊಂದರಲೆ ಭಾಗ ಹೋಗ್ತಾವ?"

ಹತ್ತು ಚೀಟಿ ತೆಗೆದು ನನ್ನಿಂದ ಭಾಗಾಕಾರ ಮಾಡಿಸಿದಳು. ಹತ್ತಕ್ಕೆ ಹತ್ತೂ ಶೇಷ ಸೊನ್ನೆ. ನನ್ನ ಬೆರಳು ನೋಯುತ್ತಿತ್ತು, ಅವಳು ಮಾತ್ರ ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟುಕೊಂಡಿದ್ದಳು. "ನಡುಮಣಿ ಇದ್ದದ್ದು?" ಎಂದು ಕೇಳಿ, ಅದನ್ನೂ ಪರೀಕ್ಷಿಸಿ, ತಾನೇ ತೀರ್ಪು ಕೊಟ್ಟಳು: "ಅವು ಹೋಗಬಹುದು, ಹೋಗದೇ ಇರಬಹುದು. ಅವು ತಮ್ಮ ಮರ್ಜಿಯವು." ಎರಡು ದಿನ ಬಿಟ್ಟು ಗೋಡೆ ಬಡಿದು ಕರೆದಳು. ಕಾರಣವನ್ನೂ ಕಂಡುಹಿಡಿದಿದ್ದಳು. "ಹತ್ತು ಅಂದ್ರ ಹನ್ನೊಂದಕ್ಕ ಒಂದ ಕಮ್ಮಿ. ನೂರು ಅಂದ್ರ ತೊಂಬತ್ತೊಂಬತ್ತಕ್ಕ ಒಂದ ಜಾಸ್ತಿ. ಸಾವಿರಕ್ಕ ಮತ್ತ ಒಂದ ಕಮ್ಮಿ ಬೀಳತದ. ಒಮ್ಮೆ ಕಮ್ಮಿ, ಒಮ್ಮೆ ಜಾಸ್ತಿ. ನನ್ನ ಸರದಾಗ ಈ ಕಡಿ ಕಮ್ಮಿ ಇದ್ದದ್ದಕ್ಕ ಆ ಕಡಿ ಅದ ಮಣಿ ಜಾಸ್ತಿ ಆಗಿ ಕುಂತಿರತದ. ಎಲ್ಲಾ ವಜಾ!" ಇದು ನಮ್ಮ ಪುಸ್ತಕದಲ್ಲಿರಲಿಲ್ಲ.

ಅವತ್ತಿನಿಂದ ಅವಳ ತಲೆಗೆ ಹತ್ತನೇತ್ತ ಹೊಕ್ಕಿತು. ಶಾಲೆ ಬಿಟ್ಟವರು ನೇರವಾಗಿ ಹತ್ತನೆಯ ಪರೀಕ್ಷೆ ಬರೆಯಲು ತುಂಬುವ ಅರ್ಜಿಗೆ ಮುಂಬೈಯಲ್ಲಿ ಎಲ್ಲರೂ ಸತ್ರಾ ನಂಬರ್, ಅಂದರೆ ಹದಿನೇಳನೇ ನಂಬರ್ ಫಾರ್ಮ್ ಅನ್ನುತ್ತಾರೆ. ಅದನ್ನು ಶಾಲೆಯ ಮೂಲಕವೇ ಕಳಿಸಬೇಕು. ಮಾಟುಂಗದ ನಮ್ಮ ಕನ್ನಡ ಶಾಲೆಯಲ್ಲಿ ಅದರ ಉಸ್ತುವಾರಿ ಗಣಿತದ ಮೂರ್ತಿ ಸರ್ ಅವರದು. ಮೈಸೂರಿನ ಕಡೆಯವರು, ಇಸ್ತ್ರಿ ಮುರಿಯದ ಅಂಗಿ, ಒಳ್ಳೆಯ ಪಾಠ, ಕೆಟ್ಟ ನಾಲಿಗೆ. ಚಿಗವ್ವನಿಗೆ ಆಗ ನಲವತ್ತಾರು. ಎರಡು ವರ್ಷ ಸತತವಾಗಿ ಹೋದಳು. ಎರಡು ವರ್ಷವೂ ಸರ್ ಫಾರ್ಮಿಗೆ ಸಹಿ ಹಾಕಲಿಲ್ಲ.

"ಯಾಕಮ್ಮ ಈ ವಯಸ್ಸಿನಲ್ಲಿ? ಗಣಿತದ ಪೇಪರ್ ಮುಂದೆ ಕೂತು ಅಳ್ತೀರಿ."

"ನಾ ಅಳೂದು ನನ್ನ ಕಣ್ಣೀರಲೇ ಅಳ್ತೀನ್ರಿ ಸಾರ್. ನಿಮ್ಮ ಸಹಿ ತೋಯಂಗಿಲ್ಲ."

ಇಂಥ ಉತ್ತರ ಕೊಟ್ಟರೆ ಯಾರು ಸಹಿ ಹಾಕುತ್ತಾರೆ? ಅವ್ವ ಬೈದಳು, ಸ್ವಲ್ಪ ಬಗ್ಗಿ ಮಾತಾಡಬಾರದೇನು ಎಂದು. "ಬಗ್ಗಿ ಬಗ್ಗಿ ಪೋಣಸೇ ಬೆನ್ನು ಹೋಗ್ಯಾದ. ಮಾತಿನಾಗರೆ ನೆಟ್ಟಗ ಇರ್ತೀನಿ" ಎಂದಳು ಚಿಗವ್ವ.

ನಾನು ಎಂಟನೇತ್ತದಲ್ಲಿದ್ದಾಗ ಶಾಲೆಯಲ್ಲಿ ವಿಜ್ಞಾನ ಮತ್ತು ಗಣಿತದ ಪ್ರದರ್ಶನ ನಡೆಯಿತು. ಸರ್ ನನಗೆ ಒಂದು ಸಂಖ್ಯೆ ಬರೆದು ಕೊಟ್ಟು, ದೊಡ್ಡ ಹಲಗೆಯ ಮೇಲೆ ಥರ್ಮಾಕೋಲ್ ಅಂಕಿ ಕತ್ತರಿಸಿ ಅಂಟಿಸಲು ಹೇಳಿದರು:

1000000000000066600000000000001

ಒಂದು, ಹದಿಮೂರು ಸೊನ್ನೆ, ಮೂರು ಆರು, ಮತ್ತೆ ಹದಿಮೂರು ಸೊನ್ನೆ, ಒಂದು. ಒಟ್ಟು ಮೂವತ್ತೊಂದು ಅಂಕಿ. ಇದು ಅವಿಭಾಜ್ಯ ಸಂಖ್ಯೆ, ಒಂದು ಮತ್ತು ತನ್ನ ಹೊರತು ಬೇರೆ ಯಾವುದರಿಂದಲೂ ಇದು ಭಾಗವಾಗುವುದಿಲ್ಲ ಎಂದು ಸರ್ ತಮ್ಮ ಚಂದದ ಅಕ್ಷರದಲ್ಲಿ ಕೆಳಗೆ ಬರೆದರು. ಎರಡು ಕಡೆಯಿಂದ ಒಂದೇ ಓದುವ ಇಷ್ಟು ದೊಡ್ಡ ಅವಿಭಾಜ್ಯ ಸಂಖ್ಯೆ ಸಿಗುವುದು ಸುಲಭವಲ್ಲ ಎಂದು ಹೆಮ್ಮೆಯಿಂದ ಹೇಳಿದರು.

ಅಂಕಿಗಳನ್ನು ಮನೆಯಲ್ಲಿ ಕತ್ತರಿಸಿ ಚೀಲದಲ್ಲಿ ತುಂಬಿಕೊಂಡು ಹೊರಟೆ. ರೈಲ್ವೆ ಸೇತುವೆಯ ಮೆಟ್ಟಿಲ ಮೇಲಿನ ನೂಕುನುಗ್ಗಲಿನಲ್ಲಿ ಒಂದು ಆರು ಮುರಿದು ಎರಡಾಯಿತು. ಥರ್ಮಾಕೋಲ್ ಮುಗಿದಿತ್ತು, ಹೊತ್ತಾಗಿತ್ತು, ಸರ್ ಅಂದರೆ ಪ್ರಾಣಭಯ. ಉಳಿದ ಎರಡು ಆರನ್ನೇ ನಡುವೆ ಜೋಡಿಸಿ, ಎಡಕ್ಕೂ ಬಲಕ್ಕೂ ಸೊನ್ನೆಗಳನ್ನು ಅಳತೆ ಮಾಡಿ ಸರಿಸಿ ಅಂಟಿಸಿಬಿಟ್ಟೆ. ದೂರ ನಿಂತು ನೋಡಿದೆ. ಎಡ ಬಲ ಬರಾಬರ್ ಇತ್ತು. ಮಣಿ ನೋಡಿ ಬೆಳೆದ ನನ್ನ ಕಣ್ಣಿಗೆ ಅಷ್ಟೇ ಸಾಕಾಗಿತ್ತು. ಮುರಿದ ಆರನ್ನು ಕಂಪಾಸ್ ಪೆಟ್ಟಿಗೆಗೆ ಹಾಕಿಕೊಂಡೆ. ಅಂಕಿಗಳನ್ನು ಯಾರೂ ಎಣಿಸಲಿಲ್ಲ, ಸರ್ ಕೂಡ.

ಭಾನುವಾರ ಪಾಲಕರು ಬಂದರು. ಅವ್ವನ ಜೊತೆ ಚಿಗವ್ವನೂ ಬಂದಳು, ಹಳದಿ ಇಳಕಲ್ ಸೀರೆ ಉಟ್ಟು, ಬಗಲಲ್ಲಿ ಮಣಿಯ ಚೀಲ. ಕೆಲಸದ ಚೀಲವಿಲ್ಲದೆ ಅವಳು ದೇವರ ಗುಡಿಗೂ ಹೋದವಳಲ್ಲ. ನನ್ನ ಹಲಗೆಯ ಮುಂದೆ ನಿಂತಳು. ಬೆರಳು ಅಂಕಿಗಳ ಮೇಲೆ ಎಡದಿಂದ ಬಲಕ್ಕೆ ಹೋಯಿತು, ಬಲದಿಂದ ಎಡಕ್ಕೆ ಬಂತು. ನಡುವೆ ಬಂದು ನಿಂತಿತು.

"ಸಾರ್," ಎಂದು ಇಡೀ ಸಭಾಂಗಣಕ್ಕೆ ಕೇಳುವಂತೆ ಕರೆದಳು. "ಇದಕ್ಕ ನಡುಮಣಿ ಇಲ್ಲ. ಇದು ಹನ್ನೊಂದರಲೆ ಭಾಗ ಹೋಗ್ತದ."

ಸರ್ ನಕ್ಕರು. "ಇಲ್ಲಮ್ಮ, ದೊಡ್ಡ ದೊಡ್ಡ ಕಂಪ್ಯೂಟರುಗಳೇ ಹೋಗಲ್ಲ ಅಂತ ಹೇಳಿವೆ. ಮಣಿ ಪೋಣಿಸೋದು ಬೇರೆ, ಗಣಿತ ಬೇರೆ."

ನಕ್ಕ ಪಾಲಕರಲ್ಲಿ ನಮ್ಮ ಚಾಳಿನವರೂ ಇದ್ದರು. ಚಿಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಲ್ಲೇ ನೆಲದ ಮೇಲೆ ಕೂತಳು. ಚೀಲದಿಂದ ಎರಡು ಮುಚ್ಚಳ ತೆಗೆದಳು. ಮೊದಲ ಅಂಕಿ ಒಂದು, ಈ ಮುಚ್ಚಳಕ್ಕೆ ಒಂದು ಮಣಿ. ಸೊನ್ನೆಗಳಿಗೆ ಬರೀ ಬೆರಳು ಆಡಿಸುತ್ತ ಹೋದಳು, ಈ ಕಡಿ, ಆ ಕಡಿ, ಈ ಕಡಿ, ಆ ಕಡಿ. ಒಂದು ಆರು ಈ ಮುಚ್ಚಳಕ್ಕೆ, ಇನ್ನೊಂದು ಆರು ಆ ಮುಚ್ಚಳಕ್ಕೆ. ಕೊನೆಯ ಒಂದು ಆ ಮುಚ್ಚಳಕ್ಕೆ. "ಇಲ್ಲಿ ಏಳು. ಅಲ್ಲಿ ಏಳು. ಈಗ ನೀವು ನಿಮ್ಮ ಗಣಿತ ಮಾಡ್ರಿ, ನಾ ಇಲ್ಲೇ ಕುಂತಿರತೀನಿ."

ಸರ್ ಸೀಮೆಸುಣ್ಣ ತಗೊಂಡು ಕಪ್ಪು ಹಲಗೆಯ ಮೇಲೆ ಹನ್ನೊಂದರಿಂದ ಭಾಗಿಸತೊಡಗಿದರು. ಒಂದೊಂದೇ ಸೊನ್ನೆ ಇಳಿಸಿದರು. ನಗು ನಿಂತಿತ್ತು. ಕೊನೆಯಲ್ಲಿ ಒಂದನ್ನು ಇಳಿಸಿದಾಗ ಹನ್ನೊಂದು ಬಂತು, ಶೇಷ ಸೊನ್ನೆ. ಸರ್ ಅವರ ಕಿವಿ ಕೆಂಪಾಯಿತು. ಆಗ ನನ್ನ ಹಲಗೆಯ ಹತ್ತಿರ ಹೋಗಿ ಅಂಕಿಗಳನ್ನು ಎಣಿಸಿದರು. ಮೂವತ್ತು.

"ಒಂದು ಆರು ಎಲ್ಲಿ? ನೀವೇ ಕಿತ್ತಿದ್ದೀರಾ? ಬೆರಳಿಟ್ಟು ಮುಟ್ತಾ ಇದ್ರಲ್ಲ. ಫಾರ್ಮಿಗೆ ಸಹಿ ಹಾಕಿಲ್ಲ ಅಂತ ನನ್ನ ಮರ್ಯಾದೆ ತೆಗೆಯೋಕೆ ಬಂದ್ರಾ?"

ನಾನು ಅವ್ವನ ಹಿಂದೆ ನಿಂತಿದ್ದೆ, ಅಂಗೈಗೆ ಇನ್ನೂ ಗೋಂದು ಮೆತ್ತಿತ್ತು. ಬಾಯಿ ತೆರೆಯಲು ಆಗಲಿಲ್ಲ. ಆಗಲಿಲ್ಲ ಅನ್ನುವುದು ಸುಳ್ಳು, ತೆರೆಯಲಿಲ್ಲ.

ಚಿಗವ್ವ ಒಂದೊಂದೇ ಮಣಿ ಆರಿಸಿ ಚೀಲಕ್ಕೆ ಹಾಕಿಕೊಂಡು ಎದ್ದಳು. "ನಾ ಕಿತ್ತಿಲ್ಲ. ಯಾರ ಕಿತ್ತಾರ ಅನ್ನೂದು ನನ್ನ ಲೆಕ್ಕ ಅಲ್ಲ. ಗ್ವಾಡಿ ಮ್ಯಾಲ ಇದ್ದದ್ದು ಹನ್ನೊಂದರಲೆ ಹೋಗ್ತದ ಅಂದೆ. ಹೋತೋ ಇಲ್ಲೋ ಅಷ್ಟ ಹೇಳ್ರಿ."

ಸರ್ ಸೀಮೆಸುಣ್ಣವನ್ನು ಕೆಳಗಿಟ್ಟರು. "ಇನ್ನು ಮೇಲೆ ಫಾರ್ಮ್ ಅಂತ ಈ ಶಾಲೆ ಮೆಟ್ಟಿಲು ಹತ್ತಬೇಡಿ" ಎಂದರು. ಅವಳು ತಲೆಯೆತ್ತಿಕೊಂಡೇ ಮೆಟ್ಟಿಲಿಳಿದಳು. ಹಿಂದೆ ತಿರುಗಿ ನನ್ನನ್ನು ನೋಡಲೂ ಇಲ್ಲ.

ಸಂಜೆ ಮುರಿದ ಆರು ಹಿಡಿದುಕೊಂಡು ಅವಳ ಖೋಲಿಗೆ ಹೋದೆ. ಅದನ್ನು ಅವಳ ಮುಂದೆ ಇಟ್ಟೆ.

"ನಂಗ ಗೊತ್ತದ" ಎಂದಳು, ಸೂಜಿಗೆ ದಾರ ಪೋಣಿಸುತ್ತ. "ಕಿತ್ತಿದ್ರ ಅಲ್ಲಿ ಜಾಗಾ ಖಾಲಿ ಇರತಿತ್ತು. ಅಲ್ಲಿ ಖಾಲಿ ಎಲ್ಲಿ ಇತ್ತು? ಎರಡೂ ಕಡಿ ಸರಿಸಿ ಬರಾಬರ್ ಮಾಡಿದ್ದಿ. ಬ್ಯಾರೆ ಯಾರರೆ ಆಗಿದ್ರ ಹಂಗೇ ಬಿಡತಿದ್ರು. ಅದು ನಮ್ಮ ಚಾಳಿನಾಕೀ ಕೈ."

"ಮತ್ತ ಅಲ್ಲೇ ಯಾಕ ಹೇಳಲಿಲ್ಲ ಚಿಗವ್ವಾ? ಹೇಳಿದ್ರ ಸರ್ ಬಾಯಿ ಮುಚ್ಚಿಕೋತಿದ್ರು."

"ನನ್ನ ಮಾತು ನಾ ಆಡಿದೆ. ಆ ಮಾತು ನಿಂದು. ನಿನ್ನ ಮಾತೂ ನಾನ ಆಡ್ಲೇನು?"

ಬೈದಿದ್ದರೆ ಚೆನ್ನಾಗಿತ್ತು. ಆ ನಾಚಿಕೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಮರುದಿನ ಸ್ಟಾಫ್ ರೂಮಿಗೆ ಹೋಗಿ ಆರಿನ ಎರಡು ತುಂಡುಗಳನ್ನು ಸರ್ ಮೇಜಿನ ಮೇಲಿಟ್ಟೆ. ನಡೆದದ್ದನ್ನೆಲ್ಲ ಹೇಳಿದೆ. ಸರ್ ತುಂಡುಗಳನ್ನು ಜೋಡಿಸಿ ನೋಡಿದರು. "ನಿನ್ನೆ ಯಾಕೆ ಹೇಳಲಿಲ್ಲ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, "ಹೋಗು, ಆಯಮ್ಮನ್ನ ಕರ್ಕೊಂಡು ಬಾ. ಫಾರ್ಮ್ ತರೋಕೆ ಹೇಳು" ಎಂದರು.

ಚಿಗವ್ವ ಬಂದಳು. ಸರ್ ಪೆನ್ನು ತೆಗೆದರು. ಇವಳು ಫಾರ್ಮ್ ಕೊಡಲೇ ಇಲ್ಲ, ಎದೆಗೆ ಒತ್ತಿಕೊಂಡು ನಿಂತಳು.

"ಮಂದಿ ಮುಂದ ಅಂದೀರಿ. ಮಂದಿ ಮುಂದ ವಾಪಸ್ ತಗೋರಿ. ಆಮ್ಯಾಲ ಸಹಿ."

ಕೈಗೆ ಬಂದದ್ದನ್ನು ಕಳಕೊಳ್ಳುತ್ತಾಳೆ ಈ ಹೆಂಗಸು ಎಂದುಕೊಂಡೆ. ಸರ್ ಅವಳನ್ನು ನೋಡಿದರು, ಫಾರ್ಮನ್ನು ನೋಡಿದರು, ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. ನಮ್ಮ ತರಗತಿಗೆ ಬಂದು ಅರವತ್ತು ಮಕ್ಕಳ ಎದುರು, "ನಿನ್ನೆ ಈ ತಾಯಿ ಹೇಳಿದ ಲೆಕ್ಕ ಸರಿ. ಎಣಿಸದೇ ಇದ್ದದ್ದು ನಾನು. ಅವರ ಮೇಲೆ ಹೊರಿಸಿದ್ದು ತಪ್ಪು" ಎಂದರು. ಆಮೇಲೆ ಸಹಿ ಹಾಕಿದ್ದು ನನ್ನ ಬೆಂಚಿನ ಮೇಲೆ ಇಟ್ಟುಕೊಂಡೇ. ಅವರನ್ನೂ ನಾನು ಅವತ್ತಿನಿಂದ ಗೌರವಿಸತೊಡಗಿದೆ.

ನಾನು ಒಂಬತ್ತನೇತ್ತದಲ್ಲಿದ್ದಾಗ ಅವಳು ಮೊದಲ ಸಲ ಪರೀಕ್ಷೆ ಬರೆದಳು; ಗಣಿತದಲ್ಲಿ ಇಪ್ಪತ್ತೆರಡು ಬಂತು. ಫೇಲು. ಚಿಗವ್ವ ಅಂಕಪಟ್ಟಿಯನ್ನು ಎರಡು ಕಡೆಯಿಂದ ಓದಿ, "ನೋಡು, ಇದೂ ಹನ್ನೊಂದರಲೆ ಹೋಗ್ತದ" ಎಂದು ನಕ್ಕಳು. ಮರುಗಳಿಗೆಗೆ ಸಿಟ್ಟು. ಉತ್ತರ ಬರಾಬರ್ ಬರೆದಿದ್ದೇನೆ, ಹೆಂಗ ಬಂತು ಅಂತ ಅವರಿಗ್ಯಾಕೆ ಬೇಕು ಎಂದು ಮೂರ್ತಿ ಸರ್ ಅವರನ್ನೇ ಕೇಳಿದಳು. ಆಗಲೇ ಸರ್ ಶನಿವಾರ ಮಧ್ಯಾಹ್ನ ಅವಳಿಗೆ ಪಾಠ ಹೇಳಲು ಶುರು ಮಾಡಿದ್ದರು. ಪಾಠಕ್ಕಿಂತ ಜಗಳವೇ ಜಾಸ್ತಿ.

"ಸರದಾಗ ದಾರ ಕಾಣಬಾರದ್ರಿ ಸಾರ್. ದಾರ ಕಂಡ್ರ ಮಾಲು ವಾಪಸ್."

"ಗಣಿತದಲ್ಲಿ ದಾರಾನೇ ಕಣಮ್ಮ ತೋರಿಸ್ಬೇಕಾಗಿರೋದು!"

ಮುಂದಿನ ವರ್ಷ ನಾನು, ಅವಳು ಒಟ್ಟಿಗೆ ಹತ್ತನೆಯ ಪರೀಕ್ಷೆ ಬರೆದೆವು. ಅವಳು ದಾರ ತೋರಿಸಿದಳು. ಅರವತ್ತೆರಡು. ಚಾಳಿಗೆಲ್ಲ ಪೇಡೆ ಹಂಚಿದಳು. ಯಾರೋ, ಇನ್ನು ಪಾಸಾಗಿ ಏನು ಮಾಡ್ತಿ ನೀಲವ್ವ, ಅದೇ ಮಣಿ ಅಲ್ಲೇನು ಎಂದರು. "ಹೌದು, ಅದ ಮಣಿ. ಪೋಣಸಾಕಿ ಬ್ಯಾರೆ" ಎಂದು ಅವರ ಕೈಯಲ್ಲೂ ಒಂದು ಪೇಡೆ ಇಟ್ಟಳು.

ಐದಾರು ವರ್ಷಕ್ಕೆ ಅವಳ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲವೂ ನಾಲ್ಕು ತಾಸು ಮಲಗಬೇಕು. ನಾನು ಆಗ ಬೈಕುಲ್ಲಾದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ, ಈಗಲೂ ಅದೇ ಕೆಲಸ. ಬಿಡುವಾದಾಗ ಹೋಗಿ ಹತ್ತಿರ ಕೂರುತ್ತಿದ್ದೆ. ಒಂದು ದಿನ ಕೇಳಿದಳು:

"ಆ ಮೂರು ಆರಿಂದು, ಅದು ಖರೇನ ಯಾತರಲೆನೂ ಭಾಗ ಹೋಗಂಗಿಲ್ಲೇನು?"

"ಇಲ್ಲ ಚಿಗವ್ವ. ಕಂಪ್ಯೂಟರಿನಲ್ಲಿ ಸಾಬೀತಾಗಿದೆ."

"ನೀ ನೋಡಿಯೇನು?"

"ಇಲ್ಲ."

"ಮತ್ತ? ಮೂರ್ತಿ ಸಾರೂ ಹಂಗ ಅಂದಿದ್ರು, ಗ್ವಾಡಿ ಮ್ಯಾಲ ಬರೆದೂ ಇದ್ರು."

ಮರುವಾರ ಹೋದಾಗ ಎದೆಯ ಮೇಲೆ ನೋಟ್‌ಬುಕ್ ಇತ್ತು. ಎಡಗೈಗೆ ಎರಡು ಸೂಜಿ, ಬಲಗೈಯಲ್ಲಿ ಪೆನ್ಸಿಲ್. "ಒಂದು ಕೈ ಮಷೀನಿಂದು, ಒಂದು ಕೈ ನಂದು" ಎಂದಳು. ಒಂದೊಂದು ಪುಟಕ್ಕೆ ಒಂದೊಂದು ಅವಿಭಾಜ್ಯ ಸಂಖ್ಯೆ. ಮೂರು, ಏಳು, ಹನ್ನೊಂದು, ಹದಿಮೂರು. ಒಂದೊಂದರಿಂದಲೂ ಆ ಮೂವತ್ತೊಂದು ಅಂಕಿಯನ್ನು ಪೂರ್ತಿ ಭಾಗಿಸಿ, ಎಲ್ಲ ಮೆಟ್ಟಿಲು ಬರೆದು, ಶೇಷದ ಕೆಳಗೆ ಗೆರೆ ಎಳೆದು, "ಹೋಗಂಗಿಲ್ಲ" ಎಂದು ಬರೆದಿದ್ದಳು. ಹೀಗೆ ಕೈಯಿಂದ ಮಾಡುತ್ತ ಹೋದರೆ ಮುಂಬೈಯ ಜನರೆಲ್ಲ ಜನ್ಮವಿಡೀ ಕೂತರೂ ಮುಗಿಯುವುದಿಲ್ಲ ಎಂದು ನಾನು ತಿಳಿಸಿ ಹೇಳಿದೆ. ನನಗೆ ಸಂಕಟವಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು, ಇದ್ದ ಶಕ್ತಿಯನ್ನು ಇದಕ್ಕೆ ಸುರಿಯುತ್ತಾಳಲ್ಲ ಎಂದು.

"ಮುಗಸಬೇಕು ಅಂತ ಯಾರ ಅಂದಾರ?" ಎಂದಳು. "ನಾ ನೋಡಿದಷ್ಟಕ್ಕ ನಾ ಸಾಕ್ಷಿ. ಉಳಿದದ್ದು ಕಂಪ್ಯೂಟರ್ ನೋಡ್ಕೊಳ್ಲಿ."

ಅದೇ ನಾನು ಅವಳನ್ನು ಕೊನೆಯ ಬಾರಿ ಮಾತಾಡಿಸಿದ್ದು. ಹದಿನೈದು ದಿನ ನನಗೆ ಪರೀಕ್ಷೆಯ ಬ್ಯಾಚುಗಳು, ಹೋಗಲಾಗಲಿಲ್ಲ. ಅಷ್ಟರಲ್ಲಿ ಹೋಗಿಬಿಟ್ಟಳು.

ಅವಳ ಡಬ್ಬಿಗಳನ್ನು ಚಾಳಿನ ಹೆಂಗಸರು ಹಂಚಿಕೊಂಡರು. ನೋಟ್‌ಬುಕ್ಕನ್ನು ಅವ್ವ ನನಗಾಗಿ ಎತ್ತಿಟ್ಟಿದ್ದಳು. ಬಹಳ ದಿನ ತೆರೆಯಲಿಲ್ಲ. ಹೋದ ಭಾನುವಾರ ತೆರೆದೆ. ಕೊನೆಯ ಪುಟದ ತಲೆಯಲ್ಲಿ 239 ಎಂದಿತ್ತು. ಒಂದೊಂದೇ ಸೊನ್ನೆ ಇಳಿಸುತ್ತ, ಒಂದು ಮೆಟ್ಟಿಲನ್ನೂ ಬಿಡದೆ ಬಂದಿದ್ದಳು. ಮೊದಲನೆಯ ಆರು ಇಳಿಸಿದ್ದಳು. ಎರಡನೆಯ ಆರನ್ನೂ ಇಳಿಸಿದ್ದಳು. ಎಪ್ಪತ್ತಾರು ಬಂದಿತ್ತು, ಭಾಗಲಬ್ಧದಲ್ಲಿ ಸೊನ್ನೆ ಬರೆದಿದ್ದಳು. ಅಲ್ಲಿಗೆ ನಿಂತಿತ್ತು. ಮೂರನೆಯ ಆರು ಮೇಲೆಯೇ ಉಳಿದಿತ್ತು.

ನಾನು ಪೆನ್ಸಿಲ್ ತಗೊಂಡು ಮೂರನೆಯ ಆರನ್ನು ಇಳಿಸಿದೆ. ಏಳುನೂರ ಅರವತ್ತಾರು. ಮೂರು ಸಲ ಹೋಗಿ ನಲವತ್ತೊಂಬತ್ತು ಉಳಿಯಿತು. ಕಣ್ಣು ಮಂಜಾಗಿ ಎರಡು ಸಲ ತಪ್ಪಿದೆ, ಅಳಿಸಿ ಬರೆದೆ. ಹದಿಮೂರು ಸೊನ್ನೆಗಳನ್ನೂ, ಕೊನೆಯ ಒಂದನ್ನೂ ಇಳಿಸಿದೆ. ಶೇಷ ಐವತ್ತು. ಕೆಳಗೆ ಗೆರೆ ಎಳೆದು "ಹೋಗಂಗಿಲ್ಲ" ಎಂದು ಬರೆದು, ಪುಟ ತಿರುವಿ, ಮೇಲೆ 241 ಎಂದು ಬರೆದೆ.